ಬ್ರೌನ್ ಬ್ರೆಡ್, ರಾಗಿ ಶುರು ಮಾಡಿದರೂ ಆಯಿಯ ಶುಗರ್ ಇಳಿಯುತ್ತಿಲ್ಲ, ಹಸಿವೂ ಜಾಸ್ತಿ

ಕೋಡಿಬಾಗದ ಹುಡುಗಿ, ಕಾರವಾರ

ಎಲ್ಲರಿಗೂ ನಮಸ್ಕಾರ. ಆಯಿಗೆ, ಅಂದರೆ ಅಮ್ಮನಿಗೆ, 61 ವರ್ಷ. ಶುಗರ್ ಬಂದು ನಾಲ್ಕು ವರ್ಷವಾಯಿತು, ಮಾತ್ರೆ ಇದೆ. ಮೊದಲು ಬೆಳಿಗ್ಗೆ ಪಾವು-ಬಾಜಿ ಇಲ್ಲವೇ ಪೋಳೆ (ದೋಸೆ), ಮಧ್ಯಾಹ್ನ ಅನ್ನ, ಮೀನು ಸಾರು. ಅನ್ನ, ಪಾವು ಬಿಟ್ಟು ಬ್ರೌನ್ ಬ್ರೆಡ್ ತಿನ್ನಿ, ರಾಗಿ ಕುಡಿಯಿರಿ ಎಂದು ಬಂದವರೆಲ್ಲ ಹೇಳಿದರು. ಒಂದು ತಿಂಗಳಿಂದ ಬೆಳಿಗ್ಗೆ ನಾಲ್ಕು ತುಂಡು ಬ್ರೌನ್ ಬ್ರೆಡ್, ಸಕ್ಕರೆ ಇಲ್ಲದ ಚಹಾ. ಹತ್ತೂವರೆಗೆ ಒಂದು ಲೋಟ ರಾಗಿ ಅಂಬಲಿ.

ಖಾಲಿ ಹೊಟ್ಟೆಯ (ಫಾಸ್ಟಿಂಗ್) ಶುಗರ್ 130ರ ಆಸುಪಾಸು. ತಿಂಡಿಯಾದ ಮೇಲೆ 218, 230, ಒಮ್ಮೆ 251! ಹನ್ನೆರಡಾಗುವಷ್ಟರಲ್ಲಿ ತಡೆಯಲಾರದ ಹಸಿವು. ಎರಡು ಸಲ ಕೈ ನಡುಗಿತು ಎಂದಳು. ಈಗ ತಟ್ಟೆ ಮುಂದೆ ಕೂತರೆ ಭಯಪಡುತ್ತಾಳೆ. ಎಲ್ಲಿ ತಪ್ಪುತ್ತಿದೆ?

ತೋಟದಮನೆ, ಶಿರಸಿ

ತಂಗೀ, ಮೊದಲು ಕೈ ನಡುಗಿದ್ದರ ಬಗ್ಗೆ. ಇನ್ನೊಮ್ಮೆ ಹಾಗಾದರೆ ಆಗಲೇ ಮೀಟರ್ ಹಿಡಿದು ನೋಡಿ. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಗ್ಲಿಮೆಪಿರೈಡ್ ತರಹದ ಮಾತ್ರೆ ಇದ್ದರೆ ಶುಗರ್ ಬಹಳ ಇಳಿದುಬಿಡಬಹುದು. ಡಾಕ್ಟರಿಗೆ ಹೇಳದೆ ಊಟ ಕಡಿಮೆ ಮಾಡಬೇಡಿ.

ಈಗ ಇಷ್ಟು ಹೇಳಿ. ಬ್ರೆಡ್ ಪೊಟ್ಟಣದ ಹಿಂದೆ ಮೊದಲನೇ ಹೆಸರು ಯಾವುದು? ಅಂಬಲಿ ಹೇಗೆ ಮಾಡುತ್ತೀರಿ? ಅಳೆಯುವುದು ಯಾವಾಗ? ಅದಕ್ಕೂ ಮೊದಲು ಕೈ ತೊಳೆಯುತ್ತಾರಾ?

ಕೋಡಿಬಾಗದ ಹುಡುಗಿ

ಪೊಟ್ಟಣ ಈಗ ನೋಡಿದೆ ಅಣ್ಣ. ಮೊದಲನೆಯದೇ ಮೈದಾ. ಆಮೇಲೆ ಗೋಧಿ ಹೊಟ್ಟು, ಸಕ್ಕರೆ. ಕೊನೆಗೆ ಕ್ಯಾರಮೆಲ್ ಬಣ್ಣ, 150 ಎಂದು ನಂಬರ್ ಇದೆ. ಅಂಬಲಿಗೆ ಮಿಲ್ಲಿನಲ್ಲಿ ನುಣ್ಣಗೆ ಬೀಸಿದ ಹಿಟ್ಟು, ಅದನ್ನೂ ಜರಡಿ ಹಿಡಿದು, ಸ್ವಲ್ಪ ಬೆಲ್ಲ. ಅಳೆಯುವ ಹೊತ್ತು ಒಂದೇ ತರ ಇಲ್ಲ, ತಿಂಡಿಯಾಗಿ ಒಮ್ಮೆ ಒಂದು ಗಂಟೆಗೆ, ಒಮ್ಮೆ ಒಂದೂವರೆಗೆ. 251 ಬಂದ ದಿನ ಆಯಿ ಮಕ್ಕಳಿಗೆ ಇಶಾಡು ಮಾವು ಹೆಚ್ಚಿಕೊಟ್ಟು ಅಲ್ಲೇ ಬೆರಳು ಚುಚ್ಚಿಕೊಂಡಿದ್ದಳು. ಕೈ ತೊಳೆದಿರಲಿಲ್ಲ.

ತೋಟದಮನೆ, ಶಿರಸಿ

ಹಾಗಾದರೆ ಆ 251 ಬಿಟ್ಟುಬಿಡಿ. ಹಣ್ಣಿನ ರಸ ಬೆರಳ ಮೇಲಿದ್ದರೆ ಮೀಟರ್ ಅದನ್ನೂ ಸೇರಿಸಿ ತೋರಿಸುತ್ತದೆ. ಸೋಪು ಹಾಕಿ ತೊಳೆದು, ಒಣಗಿಸಿ, ಮೊದಲ ತುತ್ತು ಬಾಯಿಗಿಟ್ಟ ಹೊತ್ತಿನಿಂದ ಸರಿಯಾಗಿ ಎರಡು ಗಂಟೆಗೆ ಅಳೆಯಿರಿ. ದಿನಾ ಅದೇ ಹೊತ್ತು. ಮೀಟರಿನಲ್ಲಿ ಶೇಕಡಾ 15ರವರೆಗೆ ಆಚೀಚೆ ಆಗುವುದು ಸಾಮಾನ್ಯ, ಹಾಗಾಗಿ ಹತ್ತು ಅಂಕ ಏರಿತು ಎಂದು ಆಯಿಯನ್ನು ಬೈಯಬೇಡಿ.

ಇನ್ನು ಬ್ರೆಡ್. ಪೊಟ್ಟಣದಲ್ಲಿ ಯಾವುದು ಜಾಸ್ತಿ ಇದೆಯೋ ಅದರ ಹೆಸರು ಮೊದಲು ಬರುತ್ತದೆ. ಅಂದರೆ ಆಯಿ ತಿನ್ನುತ್ತಿರುವುದು ಬಣ್ಣ ಹಾಕಿದ ಮೈದಾ. ನಿಜವಾದ ಗೋಧಿ ಬ್ರೆಡ್ ತಂದರೂ ಶುಗರಿಗೆ ದೊಡ್ಡ ವ್ಯತ್ಯಾಸ ಇಲ್ಲ. ತಿನಿಸು ರಕ್ತದ ಶುಗರನ್ನು ಎಷ್ಟು ಏರಿಸುತ್ತದೆ ಎಂದು ತೋರಿಸುವ ಗ್ಲೈಸೆಮಿಕ್ ಇಂಡೆಕ್ಸ್ ಎಂಬ ಅಳತೆ 1981ರಲ್ಲಿ ಟೊರೊಂಟೊದಲ್ಲಿ ಶುರುವಾಯಿತು. ಗ್ಲೂಕೋಸಿಗೆ 100 ಇಟ್ಟರೆ ಬಿಳಿ ಬ್ರೆಡ್ 75, ಗೋಧಿ ಬ್ರೆಡ್ 74. ಒಂದೇ ಅಂಕ! ಎರಡೂ ನುಣ್ಣಗೆ ಬೀಸಿ, ಉಬ್ಬಿಸಿ ಬೇಯಿಸಿದ ಹಿಟ್ಟು ತಾನೇ.

ಒಂದು ಕೆಲಸ ಮಾಡಿ ನೋಡಿ. ಬ್ರೆಡ್ಡಿನ ಚೂರು ನಾಲಿಗೆ ಮೇಲಿಟ್ಟು ಅಗಿಯದೆ ಬಿಡಿ. ಸ್ವಲ್ಪ ಹೊತ್ತಿಗೇ ಅಂಟಾಗಿ ಕರಗುತ್ತದೆ, ಹಾಗೇ ಇಟ್ಟುಕೊಂಡರೆ ಸಿಹಿಯಾಗತೊಡಗುತ್ತದೆ. ಎಂಜಲೇ ಪಿಷ್ಟವನ್ನು ಸಕ್ಕರೆ ಮಾಡಿರುತ್ತದೆ. ಬೇಯಿಸಿದ ಗೋಧಿ ಕಡಿ (ನುಚ್ಚು) ಇಟ್ಟು ನೋಡಿ, ಕಾಳು ಕಾಳಾಗಿಯೇ ಕೂತಿರುತ್ತದೆ. ಹೊಟ್ಟೆಯಲ್ಲೂ ಅಷ್ಟೇ. ಓಟ್ಸ್ ನೋಡಿ, ಅದೇ ಅಳತೆಯಲ್ಲಿ ಅವಲಕ್ಕಿಯಂತೆ ಒತ್ತಿದ್ದರ ಗಂಜಿ 55, ತಕ್ಷಣ ಬೇಯುವ ಸಣ್ಣ ಓಟ್ಸ್ 79. ಧಾನ್ಯ ಅದೇ, ಬದಲಾದದ್ದು ತರಿ ಮಾತ್ರ.

ರಾಗಿಯೂ ಹೀಗೇ. ರಾಗಿ ಒಳ್ಳೆಯದು, ಸುಣ್ಣದ ಅಂಶ ಅದರಲ್ಲಿರುವಷ್ಟು ಬೇರೆ ಧಾನ್ಯದಲ್ಲಿಲ್ಲ. ಆದರೆ ಜರಡಿ ಹಿಡಿದು ನಾರು ತೆಗೆದು, ನೀರಾಗಿ ಬೇಯಿಸಿ, ಬೆಲ್ಲ ಹಾಕಿದರೆ ಗಟಗಟ ಇಳಿದುಬಿಡುತ್ತದೆ. ರಕ್ತಕ್ಕೂ ಅಷ್ಟೇ ಬೇಗ ಸೇರುತ್ತದೆ.

ಹಸಿವಿನ ವಿಷಯ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ 38 ತಿನಿಸುಗಳನ್ನು ಒಂದೇ ಕ್ಯಾಲೊರಿ ಲೆಕ್ಕದಲ್ಲಿ ಕೊಟ್ಟು, ಎರಡು ಗಂಟೆಯವರೆಗೆ ಕಾಲು ಗಂಟೆಗೊಮ್ಮೆ ಹೊಟ್ಟೆ ಎಷ್ಟು ತುಂಬಿದಂತಿದೆ ಎಂದು ಕೇಳಿದರು. ಬಿಳಿ ಬ್ರೆಡ್ಡಿಗೆ 100, ಗೋಧಿ ಬ್ರೆಡ್ಡಿಗೆ 157, ಮೀನಿಗೆ 225. ಶುಗರಿಗೆ ಒಂದೇ ಆದ ಎರಡು ಬ್ರೆಡ್ ಹಸಿವಿಗೆ ಒಂದೇ ಅಲ್ಲ, ನೋಡಿ. ನಾನು ಮೀನು ತಿನ್ನುವವನಲ್ಲ, ಆದರೆ ನಿಮ್ಮ ಮನೆಯಲ್ಲಿ ದಿನಾ ಇರುತ್ತದೆ ಅಲ್ವಾ? ಬರೀ ಬ್ರೆಡ್ಡು-ಚಹಾದಲ್ಲಿ ಆಯಿಯ ಹೊಟ್ಟೆಗೆ ಹಿಡಿದು ನಿಲ್ಲುವಂಥದ್ದು ಏನೂ ಇಲ್ಲ.

ನನಗೂ ಒಂಬತ್ತು ವರ್ಷದಿಂದ ಇದೆ. ಐದು ತೆಳ್ಳೇವು (ತೆಳು ದೋಸೆ), ಜೋನಿ ಬೆಲ್ಲ (ನೀರು ಬೆಲ್ಲ) ತಿಂದರೆ 220 ದಾಟುತ್ತದೆ. ಮೊದಲು ಒಂದು ಬಟ್ಟಲು ಹೆಸರುಕಾಳು ಪಲ್ಯ, ಆಮೇಲೆ ಎರಡೇ ತೆಳ್ಳೇವು, ಎದ್ದು ತೋಟಕ್ಕೆ ಒಂದು ಸುತ್ತು ಹಾಕಿದರೆ 160. ಕಾಳು, ತರಕಾರಿ, ಮೀನು ಮೊದಲು. ಹಿಟ್ಟು, ಅನ್ನ ಕೊನೆಗೆ. ಊಟವಾಗಿ ಕಾಲು ಗಂಟೆ ನಡಿಗೆ. ಇಷ್ಟನ್ನು ಎರಡು ವಾರ ಮಾಡಿ.

ಗಜನಿ ಗದ್ದೆ, ಕುಮಟಾ

ಮೀಟರಿಗೆ ಹಾಕುವ ಸ್ಟ್ರಿಪ್ ಡಬ್ಬಿಯ ಮುಚ್ಚಳದ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕರಾವಳಿಯ ಮಳೆಗಾಲದ ತೇವದ ಗಾಳಿಗೆ ಸ್ಟ್ರಿಪ್ ಕೆಡುತ್ತದೆ. ಒಂದು ತೆಗೆದ ಕೂಡಲೇ ಗಟ್ಟಿಯಾಗಿ ಮುಚ್ಚಿ, ಅಡುಗೆ ಒಲೆಯ ಹತ್ತಿರ ಇಡಬೇಡಿ.

ಅನ್ನ ಪೂರ್ತಿ ಬಿಡುವ ಅಗತ್ಯವಿಲ್ಲ ಅಕ್ಕ. ಕುಚ್ಚಲಕ್ಕಿ ಒಂದು ಬಟ್ಟಲು ಅಳೆದು ಬಡಿಸಿ, ಬೆಳ್ತಿಗೆ ಅಕ್ಕಿಗಿಂತ ನಿಧಾನ ಕರಗುತ್ತದೆ. ನಮ್ಮಲ್ಲಿ ಕಗ್ಗದ ಅಕ್ಕಿ ಇದೆ, ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಬೆಳೆಯುವ ಕೆಂಪಕ್ಕಿ. ನನಗೆ ಅದೇ ಇಷ್ಟ. ಆದರೆ ಅದೂ ಅಕ್ಕಿಯೇ, ಎರಡು ತಟ್ಟೆ ಉಂಡರೆ ಮೀಟರ್ ಬಿಡುವುದಿಲ್ಲ.

ಕೋಡಿಬಾಗದ ಹುಡುಗಿ, ಎರಡು ವಾರದ ನಂತರ

ಅಣ್ಣಂದಿರೇ, ಮೊದಲು ಮುಖ್ಯ ಸುದ್ದಿ. ಮೂರನೇ ದಿನ ಕೈ ನಡುಗಿದಾಗ ನೋಡಿದರೆ 64. ಸಕ್ಕರೆ ನೀರು ಕೊಟ್ಟೆ, ಮರುದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮಾತ್ರೆ ಕಡಿಮೆ ಮಾಡಿದರು. ನೀವು ಹೇಳದಿದ್ದರೆ ಅದನ್ನು ಹಸಿವು ಎಂದೇ ತಿಳಿದಿರುತ್ತಿದ್ದೆ.

ಈಗ ಬೆಳಿಗ್ಗೆ ಹೆಸರುಕಾಳು ಉಸುಳಿ, ಆಮೇಲೆ ಗೋಧಿ ಕಡಿ ಉಪ್ಪಿಟ್ಟು ಇಲ್ಲವೇ ಎರಡು ಪೋಳೆ. ಅಂಬಲಿ ಬಿಟ್ಟು ಜರಡಿ ಹಿಡಿಯದ ರಾಗಿ ಹಿಟ್ಟಿನ ರೊಟ್ಟಿ, ಒಂದೇ. ತಿಂದು ಎರಡು ಗಂಟೆಗೆ 171, 158, 166. ಮಧ್ಯಾಹ್ನ ಒಂದು ಗಂಟೆಯವರೆಗೆ ಹಸಿವು ಎನ್ನುವುದಿಲ್ಲ. ರವಿವಾರ ಆಸೆಪಟ್ಟು ಎರಡು ಪಾವು ತಿಂದಳು, 204. ನಿನ್ನೆ ಮೊದಲು ಬಂಗುಡೆ, ಕೋಸುಂಬರಿ, ಕೊನೆಗೆ ಸಾರಿನಲ್ಲಿ ಅದ್ದಿ ಅರ್ಧ ಪಾವು. 163. ಮೀಟರ್ ನಂಬರ್ ತಾನೇ ಗಟ್ಟಿಯಾಗಿ ಓದಿ, ಚಪ್ಪಲಿ ಹಾಕಿಕೊಂಡು ಕಡಲ ಕಡೆ ಹೊರಟಳು.