ಬಿಜಿಪಿ ಮಾರ್ಗ ಎರಡೂ ತುದಿಯಲ್ಲಿದೆ, ಆದರೂ ಪಿಂಗ್ ಹೋಗುತ್ತಿಲ್ಲ: ನಡುವಿನ ರೂಟರ್‌ಗಳಿಗೂ ಬಿಜಿಪಿ ಬೇಕೇ?

ಫೈಬರ್‌ಜೋಡಕ:

ಎಲ್ಲರಿಗೂ ನಮಸ್ಕಾರ. ನಾನು ತಾಲ್ಲೂಕು ಕೇಂದ್ರವೊಂದರ ಬ್ರಾಡ್‌ಬ್ಯಾಂಡ್ ಸಂಸ್ಥೆಯಲ್ಲಿ ಎರಡು ವರ್ಷಗಳಿಂದ ಫೈಬರ್ ಸ್ಪ್ಲೈಸಿಂಗ್ ಕೆಲಸದಲ್ಲಿದ್ದೇನೆ. ಎನ್‌ಒಸಿ (ಜಾಲ ನಿರ್ವಹಣಾ ಕೇಂದ್ರ) ವಿಭಾಗಕ್ಕೆ ಹೋಗಬೇಕೆಂಬ ಆಸೆಯಿಂದ ಲ್ಯಾಪ್‌ಟಾಪಿನಲ್ಲಿ ಜಿಎನ್‌ಎಸ್3 ಎಂಬ ಜಾಲ ಅನುಕರಣ ತಂತ್ರಾಂಶ ಹಾಕಿಕೊಂಡು, ಸಿಸ್ಕೊ ಐಒಎಸ್ (ರೂಟರಿನ ಕಾರ್ಯವ್ಯವಸ್ಥೆ) ಇಮೇಜುಗಳಿಂದ ಪುಟ್ಟದೊಂದು ಐಎಸ್‌ಪಿ ಜಾಲ ಕಟ್ಟಿ ಅಭ್ಯಾಸ ಮಾಡುತ್ತಿದ್ದೇನೆ.

ಆರ್1, ಆರ್2, ಆರ್3, ಆರ್4 ಎಂಬ ನಾಲ್ಕು ರೂಟರ್‌ಗಳು ಒಂದೇ ಸಾಲಿನಲ್ಲಿವೆ. ನಾಲ್ಕೂ ಎಎಸ್ (ಒಂದೇ ಆಡಳಿತದ ಜಾಲ) 64500ಕ್ಕೆ ಸೇರಿದವು, ನಾಲ್ಕರಲ್ಲೂ ಒಳಗಿನ ಮಾರ್ಗಗಳನ್ನು ಹಂಚುವ ಒಎಸ್‌ಪಿಎಫ್ ಏರಿಯಾ 0 ಓಡುತ್ತಿದೆ. ಆರ್1ಕ್ಕೆ ಅಪ್‌ಸ್ಟ್ರೀಮ್ (ನಮಗೆ ಇಂಟರ್ನೆಟ್ ಕೊಡುವ ಜಾಲ, ಎಎಸ್ 64510) ಸೇರಿಕೊಂಡಿದ್ದು, ಅಲ್ಲಿಂದ 198.51.100.0/24 ಬರುತ್ತದೆ. ಆರ್4ಕ್ಕೆ ಗ್ರಾಹಕ (ಎಎಸ್ 64501) ಸೇರಿಕೊಂಡಿದ್ದು, ಅಲ್ಲಿಂದ 203.0.113.0/24 ಬರುತ್ತದೆ, ಗ್ರಾಹಕನಿಗೆ ಆರ್4 ಡೀಫಾಲ್ಟ್ ಮಾರ್ಗ ಕೊಡುತ್ತಿದೆ. ಹೊರಗಿನ ಜಾಲಗಳ ಮಾರ್ಗ ತಿಳಿಸುವ ಬಿಜಿಪಿಯನ್ನು ಒಂದೇ ಎಎಸ್ ಒಳಗೆ ಓಡಿಸುವ ಐಬಿಜಿಪಿ ಇರುವುದು ಆರ್1 ಮತ್ತು ಆರ್4ರ ಲೂಪ್‌ಬ್ಯಾಕ್‌ಗಳ (ರೂಟರಿನೊಳಗಿನ ಕಾಲ್ಪನಿಕ ಇಂಟರ್ಫೇಸ್) ನಡುವೆ ಮಾತ್ರ.

ಮೊದಲು ಮಾರ್ಗದ ಪಕ್ಕದಲ್ಲಿ > (ಆಯ್ಕೆಯಾದ ಉತ್ತಮ ಮಾರ್ಗ) ಗುರುತೇ ಬರುತ್ತಿರಲಿಲ್ಲ. ಹೊರಗಿನ ಲಿಂಕಿನ ವಿಳಾಸವೇ ನೆಕ್ಸ್ಟ್-ಹಾಪ್ (ಮುಂದಿನ ನಿಲ್ದಾಣ) ಆಗಿ ಒಳಗೆ ಬರುತ್ತದೆ, ಅದು ಒಎಸ್‌ಪಿಎಫ್‌ಗೆ ಗೊತ್ತಿರುವುದಿಲ್ಲ ಎಂದು ಇಲ್ಲಿಯ ಹಳೆಯ ಚರ್ಚೆಯೊಂದರಿಂದ ತಿಳಿದು, ಎರಡೂ ಕಡೆ ನೆಕ್ಸ್ಟ್-ಹಾಪ್-ಸೆಲ್ಫ್ (ಅದರ ಬದಲು ತನ್ನದೇ ವಿಳಾಸ ಕೊಡುವ ಆದೇಶ) ಹಾಕಿದೆ. ಈಗ ಗುರುತು ಬಂದಿದೆ, ರೂಟಿಂಗ್ ಟೇಬಲ್ಲಿಗೂ ಮಾರ್ಗ ಇಳಿದಿದೆ. ಆದರೆ ಆರ್1ರಿಂದ 203.0.113.1ಕ್ಕೆ ಪಿಂಗ್ ಮಾಡಿದರೆ "ಯು.ಯು.ಯು" ಎಂದು ಬರುತ್ತದೆ. ಟ್ರೇಸ್‌ರೂಟ್‌ನಲ್ಲಿ ಮೊದಲ ಸಾಲಿನಲ್ಲಿ 10.0.12.2 (ಆರ್2), ಎರಡನೆಯ ಸಾಲಿನಲ್ಲೂ ಅದೇ 10.0.12.2 ಮತ್ತು ಅದರ ಮುಂದೆ "!ಎಚ್" ಕಾಣುತ್ತದೆ.

ತಲೆಕೆಟ್ಟು ಆರ್1 ಮತ್ತು ಆರ್4ರಲ್ಲಿ ಬಿಜಿಪಿಯನ್ನು ಒಎಸ್‌ಪಿಎಫ್‌ಗೆ ರೀಡಿಸ್ಟ್ರಿಬ್ಯೂಟ್ ಮಾಡಿದೆ, ಅಂದರೆ ಬಿಜಿಪಿ ಮಾರ್ಗಗಳನ್ನು ಒಎಸ್‌ಪಿಎಫ್ ಮೂಲಕವೂ ಹಂಚಿದೆ. ಪಿಂಗ್ ತಕ್ಷಣ ಹೋಯಿತು. ಆದರೆ ಹಿರಿಯ ಸಹೋದ್ಯೋಗಿಯೊಬ್ಬರು "ಇದನ್ನು ನಿಜವಾದ ರೂಟರಿನಲ್ಲಿ ಮಾಡಿದರೆ ಆ ದಿನವೇ ಮನೆಗೆ ಹೋಗುತ್ತೀಯ" ಎಂದಷ್ಟೇ ಹೇಳಿ ನಕ್ಕರು. ಕೆಲಸ ಆಗುತ್ತಿರುವಾಗ ತಪ್ಪೇನು ಎಂಬುದನ್ನು ದಯವಿಟ್ಟು ತಿಳಿಸಿ.

ಹಳೆಯ_ಎನ್‌ಒಸಿ:

ಟ್ರೇಸ್‌ರೂಟ್ ಹಾಕಿದ್ದು ಒಳ್ಳೆಯದಾಯಿತು, ಉತ್ತರ ಅದರಲ್ಲೇ ಇದೆ. "!ಎಚ್" ಎಂದು ಹೇಳುತ್ತಿರುವುದು ಆರ್2. "ಈ ವಿಳಾಸಕ್ಕೆ ನನ್ನಲ್ಲಿ ದಾರಿ ಇಲ್ಲ" ಎಂಬುದು ಅದರ ದೂರು, ಮತ್ತು ಆ ದೂರು ನ್ಯಾಯವಾದದ್ದೇ. ಪಿಂಗ್‌ನಲ್ಲಿ ಯು ಮತ್ತು ಚುಕ್ಕಿ ಒಂದಾದ ಮೇಲೊಂದು ಬರುವುದಕ್ಕೂ ಕಾರಣವಿದೆ: ಐಒಎಸ್ ಇಂತಹ ದೂರುಗಳನ್ನು ಅರ್ಧ ಸೆಕೆಂಡಿಗೆ ಒಂದರಂತೆ ಮಾತ್ರ ಕಳಿಸುತ್ತದೆ, ಮಿಕ್ಕ ಪ್ಯಾಕೆಟ್‌ಗಳನ್ನು ಸದ್ದಿಲ್ಲದೆ ಬಿಸಾಡುತ್ತದೆ.

ಆರ್1 ತನ್ನ ಟೇಬಲ್ ನೋಡಿ, 203.0.113.0/24ಕ್ಕೆ ನೆಕ್ಸ್ಟ್-ಹಾಪ್ 10.255.4.4 (ಆರ್4ರ ಲೂಪ್‌ಬ್ಯಾಕ್), ಅದನ್ನು ತಲುಪಲು ಆರ್2ಕ್ಕೆ ಕೊಡಬೇಕು ಎಂದು ಲೆಕ್ಕ ಹಾಕಿ ಪ್ಯಾಕೆಟ್ ಕೊಡುತ್ತದೆ. ಆದರೆ ಲಕೋಟೆಯ ಮೇಲೆ ಇರುವುದು 203.0.113.1 ಎಂಬ ವಿಳಾಸ ಮಾತ್ರ, 10.255.4.4 ಎಂಬುದು ಆರ್1ರ ಮನಸ್ಸಿನಲ್ಲೇ ಉಳಿಯಿತೇ ಹೊರತು ಲಕೋಟೆಯ ಮೇಲೆ ಬರಲಿಲ್ಲ. ಆರ್2 ಹೊಸದಾಗಿ ತನ್ನ ಟೇಬಲ್ ನೋಡುತ್ತದೆ, ಅಲ್ಲಿ ಏನೂ ಇಲ್ಲ. ನಿಮ್ಮದು ಒಂದು ಲೆಕ್ಕಕ್ಕೆ ಅದೃಷ್ಟವೇ: ಆರ್2ದಲ್ಲಿ ಆರ್1ರ ಕಡೆಗೆ ಡೀಫಾಲ್ಟ್ ಮಾರ್ಗ ಇದ್ದಿದ್ದರೆ ಪ್ಯಾಕೆಟ್ ಇಬ್ಬರ ನಡುವೆ ಚೆಂಡಿನಂತೆ ಓಡಾಡಿ ಟಿಟಿಎಲ್ (ಪ್ಯಾಕೆಟ್ಟಿನ ಆಯುಸ್ಸಿನ ಎಣಿಕೆ) ತೀರಿದ ಮೇಲೆ ಸಾಯುತ್ತಿತ್ತು, ಆಗ ಕಾರಣ ಹುಡುಕಲು ಇನ್ನೂ ಹೆಚ್ಚು ಹೊತ್ತು ಬೇಕಾಗುತ್ತಿತ್ತು.

ಇನ್ನು ರೀಡಿಸ್ಟ್ರಿಬ್ಯೂಷನ್ ವಿಷಯ. ಈಗ ಆರ್1ರಲ್ಲಿ ಬಿಜಿಪಿ ಟೇಬಲ್ ತೆಗೆದು ನೋಡಿ, 203.0.113.0/24ರ ಸಾಲಿನ ಮೊದಲಲ್ಲಿ ಆರ್‌ಐಬಿ ಫೇಲ್ಯೂರ್ (ರೂಟಿಂಗ್ ಟೇಬಲ್ಲಿಗೆ ಇಳಿಯಲಿಲ್ಲ) ಎಂಬರ್ಥದ ಸಣ್ಣ "ಆರ್" ಅಕ್ಷರ ಇರಬೇಕು. ಒಎಸ್‌ಪಿಎಫ್‌ನ ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ (ಕಡಿಮೆಯಿದ್ದಷ್ಟೂ ಹೆಚ್ಚು ನಂಬಿಕೆ) 110, ಐಬಿಜಿಪಿಯದು 200. ಹಾಗಾಗಿ ನೀವು ಕಷ್ಟಪಟ್ಟು ತಂದ ಬಿಜಿಪಿ ಮಾರ್ಗವನ್ನು ನಿಮ್ಮದೇ ಒಎಸ್‌ಪಿಎಫ್ ಮಾರ್ಗ ಪಕ್ಕಕ್ಕೆ ತಳ್ಳಿದೆ. ಅಂದರೆ ಪಿಂಗ್ ಹೋಗುತ್ತಿದೆ, ಆದರೆ ಬಿಜಿಪಿಯಿಂದಲ್ಲ.

ಎರಡು ಮಾರ್ಗಗಳಿರುವ ಲ್ಯಾಬಿನಲ್ಲಿ ಇದರಿಂದ ನಷ್ಟವಿಲ್ಲ. ಇಂದಿನ ಐಪಿವಿ4 ಪೂರ್ಣ ಟೇಬಲ್‌ನಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಮಾರ್ಗಗಳಿವೆ. ಒಎಸ್‌ಪಿಎಫ್ ಇವನ್ನೆಲ್ಲ ಪ್ರತಿಯೊಂದು ರೂಟರಿನ ಡೇಟಾಬೇಸಿಗೂ ತುಂಬಬೇಕು, ಎಲ್ಲೋ ಒಬ್ಬ ಗ್ರಾಹಕನ ಲಿಂಕ್ ಬಿದ್ದೆದ್ದಾಗಲೆಲ್ಲ ಇಡೀ ಜಾಲಕ್ಕೆ ಸುದ್ದಿ ಹಂಚಬೇಕು. ಅದು ಆ ಕೆಲಸಕ್ಕೆಂದು ಹುಟ್ಟಿದ್ದಲ್ಲ. ಒಳಗಿನ ಮಾರ್ಗಗಳನ್ನು ಮತ್ತೆ ಬಿಜಿಪಿಗೆ ಮರಳಿಸುವ ಒಂದು ಸಾಲು ಜೊತೆಗೆ ಸೇರಿದರಂತೂ ಮೂಲ ಎಎಸ್ ಪಾತ್ (ಮಾರ್ಗ ದಾಟಿಬಂದ ಎಎಸ್‌ಗಳ ಪಟ್ಟಿ) ಅಳಿಸಿಹೋಗಿ, ಜಗತ್ತಿನ ಮಾರ್ಗಗಳೆಲ್ಲ ನಿಮ್ಮಲ್ಲೇ ಹುಟ್ಟಿದಂತೆ ಹೊರಗೆ ಕಾಣುತ್ತವೆ. 1997ರ ಏಪ್ರಿಲ್ 25ರಂದು ಅಮೆರಿಕದ ಎಎಸ್ 7007 ಇತರರ ಮಾರ್ಗಗಳನ್ನು /24 ತುಣುಕುಗಳಾಗಿ ತನ್ನವೆಂಬಂತೆ ಸಾರಿ, ಇಂಟರ್ನೆಟ್ಟಿನ ದೊಡ್ಡ ಭಾಗದ ಟ್ರಾಫಿಕ್ಕನ್ನು ತನ್ನತ್ತ ಎಳೆದುಕೊಂಡು ಮುಳುಗಿಸಿದ್ದು ಇದೇ ಬಗೆಯ ಅನಾಹುತ.

ಸರಿಯಾದ ದಾರಿಗಳು ಎರಡು. ಒಂದು, ನಡುವಿನ ರೂಟರ್‌ಗಳಲ್ಲೂ ಐಬಿಜಿಪಿ ಓಡಿಸುವುದು. ಒಬ್ಬ ಐಬಿಜಿಪಿ ನೆರೆಯಿಂದ ಕಲಿತದ್ದನ್ನು ಇನ್ನೊಬ್ಬ ಐಬಿಜಿಪಿ ನೆರೆಗೆ ಹೇಳುವಂತಿಲ್ಲವಾದ್ದರಿಂದ ಎಲ್ಲರೂ ಎಲ್ಲರೊಂದಿಗೆ ಸೆಷನ್ ಹೊಂದಬೇಕು: ನಾಲ್ಕು ರೂಟರಿಗೆ 6 ಸೆಷನ್, ನಲವತ್ತಾದರೆ 780. ಅದಕ್ಕೇ, ಒಬ್ಬರಿಂದ ಕಲಿತದ್ದನ್ನು ಉಳಿದವರಿಗೆ ದಾಟಿಸುವ ರೂಟ್ ರಿಫ್ಲೆಕ್ಟರ್ ಬಂತು. ಎರಡು, ಕೋರ್‌ನಲ್ಲಿ ಎಂಪಿಎಲ್‌ಎಸ್ ಹಾಕುವುದು. ಆಗ ಆರ್1 ಪ್ಯಾಕೆಟ್ಟಿನ ಮೇಲೆ 10.255.4.4ಕ್ಕೆ ಹೋಗುವ ಲೇಬಲ್ ಅಂಟಿಸುತ್ತದೆ; ಆರ್2, ಆರ್3 ಲೇಬಲ್ ನೋಡುತ್ತವೆಯೇ ಹೊರತು ಒಳಗಿನ ವಿಳಾಸವನ್ನು ನೋಡುವುದೇ ಇಲ್ಲ. ಕಲಿಯುವವರಿಗೆ ನನ್ನ ಸಲಹೆ ಎರಡನೆಯದು. ಮೊದಲು ರೀಡಿಸ್ಟ್ರಿಬ್ಯೂಷನ್ ತೆಗೆದು ಪಿಂಗ್ ಮತ್ತೆ ಸಾಯುವುದನ್ನು ಕಣ್ಣಾರೆ ನೋಡಿ, ಆಮೇಲೆ ಮೂರೂ ಒಳ ಲಿಂಕುಗಳ ಎರಡೂ ತುದಿಗಳಲ್ಲಿ "ಎಂಪಿಎಲ್‌ಎಸ್ ಐಪಿ" ಕೊಡಿ.

ಫೈಬರ್‌ಜೋಡಕ:

ಸರ್, ನೀವು ಹೇಳಿದ ಸಣ್ಣ "ಆರ್" ಅಕ್ಷರ ಅಲ್ಲೇ ಇತ್ತು, ನಾನು ಅದನ್ನು ಗಮನಿಸಿಯೇ ಇರಲಿಲ್ಲ. ರೀಡಿಸ್ಟ್ರಿಬ್ಯೂಷನ್ ತೆಗೆದು ಎಂಪಿಎಲ್‌ಎಸ್ ಹಾಕಿದೆ. ಎಲ್‌ಡಿಪಿ (ಲೇಬಲ್ ಹಂಚುವ ಪ್ರೋಟೋಕಾಲ್) ನೆರೆಗಳು ಬಂದವು, ಪಿಂಗ್ ಐದಕ್ಕೆ ಐದೂ ಹೋಯಿತು. ಒಂದೇ ಅನುಮಾನ ಉಳಿದಿದೆ. ಆರ್2ರ ಫಾರ್ವರ್ಡಿಂಗ್ ಟೇಬಲ್‌ನಲ್ಲಿ 10.255.1.1/32ಕ್ಕೆ (ಆರ್1ರ ಲೂಪ್‌ಬ್ಯಾಕ್) "ಪಾಪ್ ಲೇಬಲ್" (ಲೇಬಲ್ ತೆಗೆ) ಎಂದಿದೆ, ಆದರೆ ಆರ್3ರಲ್ಲಿ 10.255.4.4/32ಕ್ಕೆ "ನೋ ಲೇಬಲ್" ಎಂದಿದೆ. ಎರಡೂ ಕಡೆ ಒಂದೇ ರೀತಿ ಬರಬೇಕಲ್ಲವೇ?

ಬೆನ್ನೆಲುಬು:

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ. ಆರ್4ರ ಲೂಪ್‌ಬ್ಯಾಕ್‌ಗೆ ಕೊಟ್ಟ ಮಾಸ್ಕ್ ಯಾವುದು ಎಂದು ನೋಡಿ; /24 ಇರಬಹುದೆಂದು ನನ್ನ ಊಹೆ. ಲೂಪ್‌ಬ್ಯಾಕ್‌ಗೆ ಯಾವ ಮಾಸ್ಕ್ ಕೊಟ್ಟಿದ್ದರೂ ಒಎಸ್‌ಪಿಎಫ್ ಅದನ್ನು /32 ಎಂದೇ ಸಾರುತ್ತದೆ. ಆದರೆ ಆರ್4 ಎಲ್‌ಡಿಪಿಯಲ್ಲಿ ಲೇಬಲ್ ಕೊಡುವುದು ತನ್ನ ಟೇಬಲ್‌ನಲ್ಲಿರುವ 10.255.4.0/24ಕ್ಕೆ. ಆರ್3 ಹುಡುಕುವುದು 10.255.4.4/32ರ ಲೇಬಲ್ಲನ್ನು. ಎರಡೂ ಹೊಂದುವುದಿಲ್ಲ, ಹಾಗಾಗಿ "ನೋ ಲೇಬಲ್".

ಸದ್ಯಕ್ಕೆ ಪಿಂಗ್ ಹೋಗುತ್ತಿರುವುದು ಏಕೆಂದರೆ ಇರುವುದು ಒಂದೇ ಲೇಬಲ್, ಮತ್ತು ಆರ್3 ಅದನ್ನು ಕಿತ್ತು ಬರಿಯ ಪ್ಯಾಕೆಟ್ಟನ್ನು ನೇರವಾಗಿ ಆರ್4ಕ್ಕೇ ದಾಟಿಸುತ್ತದೆ. ನಾಳೆ ಎಲ್3ವಿಪಿಎನ್ (ಗ್ರಾಹಕರಿಗೆ ಪ್ರತ್ಯೇಕ ಖಾಸಗಿ ಜಾಲ) ಹಾಕಿದಾಗ ಅಡಿಯಲ್ಲಿ ಇನ್ನೊಂದು ಲೇಬಲ್ ಇರುತ್ತದೆ, ಆಗ ಪ್ಯಾಕೆಟ್ ಆರ್3ರಲ್ಲೇ ಬಿದ್ದುಹೋಗುತ್ತದೆ. ಎಲ್ಲ ಮಾರ್ಗಗಳೂ ಸರಿಯಾಗಿ ಕಾಣುತ್ತಿದ್ದು ಟ್ರಾಫಿಕ್ ಮಾತ್ರ ಹೋಗದ ಈ ಸ್ಥಿತಿಯಲ್ಲಿ ನಾನು ಒಂದು ರಾತ್ರಿ ಪೂರ್ತಿ ಕಳೆದಿದ್ದೇನೆ, ಆದ್ದರಿಂದಲೇ ಇಷ್ಟು ಬೇಗ ಊಹಿಸಲು ಸಾಧ್ಯವಾಯಿತು. ಜೊತೆಗೆ ನೆನಪಿರಲಿ, ಪ್ರತಿ ಲೇಬಲ್ 4 ಬೈಟ್ ತಿನ್ನುತ್ತದೆ. ಬಾಡಿಗೆಗೆ ಪಡೆದ ಲಿಂಕಿನವರು 1500 ಬೈಟಿಗಿಂತ ಹೆಚ್ಚು ಬಿಡದಿದ್ದರೆ ಸಣ್ಣ ಪಿಂಗ್ ಹೋಗುತ್ತದೆ, ದೊಡ್ಡ ಪುಟಗಳು ತೆರೆಯುವುದಿಲ್ಲ.

ಫೈಬರ್‌ಜೋಡಕ:

ಊಹೆ ಸರಿಯಾಗಿತ್ತು. ಉಳಿದ ಮೂರಕ್ಕೆ 255.255.255.255 ಕೊಟ್ಟು, ಆರ್4ಕ್ಕೆ ಮಾತ್ರ ಕೈ ಅಭ್ಯಾಸದಿಂದ 255.255.255.0 ಹೊಡೆದಿದ್ದೆ. ಬದಲಿಸಿದಾಗ ಐಬಿಜಿಪಿ ಸೆಷನ್ ಒಮ್ಮೆ ಬಿದ್ದು ಎದ್ದಿತು. ಈಗ ಆರ್3ರಲ್ಲೂ "ಪಾಪ್ ಲೇಬಲ್" ಬಂದಿದೆ. ಈ ವಾರಾಂತ್ಯ ಆರ್4ಕ್ಕೆ ಎರಡನೆಯ ಗ್ರಾಹಕನನ್ನು ಸೇರಿಸಿ ಎಲ್3ವಿಪಿಎನ್ ಹಾಕಿ ನೋಡುತ್ತೇನೆ. ಒಂದು ಸಲ ಬೇಕೆಂದೇ /24 ಮಾಸ್ಕ್ ಇಟ್ಟು, ಪ್ಯಾಕೆಟ್ ಆರ್3ರಲ್ಲಿ ಬೀಳುವುದನ್ನೂ ನೋಡಬೇಕೆಂದಿದ್ದೇನೆ.