ಮನೆಯ ಬೆಕ್ಕಿನ ವಿಚಿತ್ರ ನಡವಳಿಕೆ: ರೋಗವೋ, ಸ್ವಭಾವವೋ?

ಠಾಣೆಯಿಂದ ಒಬ್ಬ ಗೃಹಿಣಿಯ ಪ್ರಶ್ನೆ:

ನಾವು ಮೂಲತಃ ಕುಂದಾಪುರದ ಕಡೆಯವರು. ಘೋಡ್‌ಬಂದರ್ ರಸ್ತೆಯ ಕಟ್ಟಡವೊಂದರ ಹನ್ನೊಂದನೆಯ ಮಹಡಿಯಲ್ಲಿ ವಾಸವಾಗಿದ್ದೇವೆ. ಮಳೆಗಾಲದಲ್ಲಿ ಕೆಳಗಿನ ಪಾರ್ಕಿಂಗ್‌ನಲ್ಲಿ ಸಿಕ್ಕಿದ ಹೆಣ್ಣು ಮರಿಯೊಂದನ್ನು ಮಗಳ ಹಟಕ್ಕೆ ಮಣಿದು ಮನೆಗೆ ತಂದೆವು. ಊರಿನಲ್ಲಿ ಬೆಕ್ಕುಗಳಿದ್ದವಾದರೂ ಅವು ಅಟ್ಟ, ಅಂಗಳ, ಕೊಟ್ಟಿಗೆ ಎಂದು ತಮ್ಮಷ್ಟಕ್ಕೆ ತಿರುಗಿಕೊಂಡಿರುತ್ತಿದ್ದವು. ಅವುಗಳ ನಡವಳಿಕೆಯನ್ನು ನಾವು ಕುಳಿತು ನೋಡಿದವರಲ್ಲ. ಈ ಮರಿಯಾದರೋ ಬೆಳಗಿನ ಜಾವ ಮನೆಯ ಈ ತುದಿಯಿಂದ ಆ ತುದಿಗೆ ಓಡುತ್ತದೆ, ಮೇಜಿನ ಮೇಲಿನ ಲೋಟವನ್ನು ನಮ್ಮ ಮುಖ ನೋಡುತ್ತಲೇ ಕೆಳಕ್ಕೆ ತಳ್ಳುತ್ತದೆ, ದುಡ್ಡು ಕೊಟ್ಟು ತಂದ ಹಾಸಿಗೆಯನ್ನು ಬಿಟ್ಟು ರಟ್ಟಿನ ಪೆಟ್ಟಿಗೆಯಲ್ಲಿ ಮಲಗುತ್ತದೆ, ಕಿಟಕಿಯಾಚೆ ಪಾರಿವಾಳ ಕಂಡರೆ ಹಲ್ಲು ಕಟಕಟಿಸುತ್ತದೆ, ಚಪ್ಪಲಿಯನ್ನು ಮೂಸಿ ಬಾಯಿ ತೆರೆದು ಪೆಚ್ಚಾಗಿ ನಿಂತುಬಿಡುತ್ತದೆ. ಇವುಗಳಲ್ಲಿ ಯಾವುದು ಸಹಜ, ಯಾವುದನ್ನು ವೈದ್ಯರಿಗೆ ತೋರಿಸಬೇಕು ಎಂಬುದನ್ನು ಬೆಕ್ಕು ಸಾಕಿದ ಅನುಭವಿಗಳು ದಯವಿಟ್ಟು ತಿಳಿಸಬೇಕು.

ಡೊಂಬಿವಲಿಯಿಂದ, ನಿವೃತ್ತ ಅಧ್ಯಾಪಕರು:

ತಾವು ಬರೆದಿರುವ ಪಟ್ಟಿಯಲ್ಲಿ ರೋಗದ ಲಕ್ಷಣ ಒಂದೂ ಇಲ್ಲ, ತಂಗಿ. ಬೆಕ್ಕು ಹಗಲಿನ ಪ್ರಾಣಿಯೂ ಅಲ್ಲ, ಪೂರ್ತಿ ನಿಶಾಚರಿಯೂ ಅಲ್ಲ. ಇಲಿ, ಹಕ್ಕಿಗಳು ಓಡಾಡುವ ನಸುಕು ಮತ್ತು ಮುಸ್ಸಂಜೆಗಳೇ ಅದರ ದುಡಿಮೆಯ ಹೊತ್ತು. ದಿನಕ್ಕೆ 12ರಿಂದ 16 ಗಂಟೆ ನಿದ್ದೆ ಮಾಡಿ ಕೂಡಿಟ್ಟ ಶಕ್ತಿಯನ್ನೆಲ್ಲ ಅದು ಆ ಹೊತ್ತಿನಲ್ಲಿಯೇ ಖರ್ಚು ಮಾಡುತ್ತದೆ. ನಮಗೆ ಬೇಕಾಗುವ ಬೆಳಕಿನ ಸುಮಾರು ಆರನೆಯ ಒಂದು ಪಾಲು ಇದ್ದರೂ ಅದಕ್ಕೆ ಕಣ್ಣು ಕಾಣುತ್ತದೆಯಾದ್ದರಿಂದ, ನಮ್ಮ ಪಾಲಿನ ಕತ್ತಲು ಅದಕ್ಕೆ ಕತ್ತಲೆಯೇ ಅಲ್ಲ. ಮೊದಲ ಲೋಕಲ್ ಹಿಡಿಯಬೇಕಾದವರಿಗೆ ಇದೊಂದು ಅಲಾರಾಂ. ಉಳಿದವರಿಗೆ ಉಪಾಯ ಬೇಕು. ರಾತ್ರಿ ಮಲಗುವ ಮುನ್ನ ದಾರಕ್ಕೆ ಕಟ್ಟಿದ ಬಟ್ಟೆಯ ಚೂರನ್ನು ಎಳೆದಾಡಿ ಅದನ್ನು ಚೆನ್ನಾಗಿ ಓಡಿಸಿ, ಆಟ ಮುಗಿದ ಕೂಡಲೇ ಊಟ ಹಾಕಿದರೆ, ಬೇಟೆಯಾಡಿ, ತಿಂದು, ಮೈ ನೆಕ್ಕಿಕೊಂಡು ಮಲಗುವ ಅದರ ಹುಟ್ಟುಕ್ರಮಕ್ಕೆ ಅದು ಸರಿಹೊಂದುತ್ತದೆ. ಆಟ ಮುಗಿದ ಮೇಲೆ ದಾರವನ್ನು ಎತ್ತಿಡಬೇಕು, ಏಕೆಂದರೆ ನುಂಗಿದ ದಾರ ಕರುಳಿಗೆ ಸಿಕ್ಕಿಕೊಳ್ಳುತ್ತದೆ. ನಸುಕಿನಲ್ಲಿ ಅದು ಕೂಗಿದೊಡನೆ ಎದ್ದು ಊಟ ಹಾಕುವುದಂತೂ ಬೇಡ. ಕೂಗಿದರೆ ಬಟ್ಟಲು ತುಂಬುತ್ತದೆ ಎಂಬುದನ್ನು ಅದು ಬಹುಬೇಗ ಕಲಿಯುತ್ತದೆ.

ಪೆಟ್ಟಿಗೆಯ ವಿಷಯಕ್ಕೆ ಬಂದರೆ, ಬೆಕ್ಕು ಬೇಟೆಗಾರ ನಿಜ, ಆದರೆ ಗಾತ್ರದಲ್ಲಿ ಚಿಕ್ಕದಾದ್ದರಿಂದ ದೊಡ್ಡ ಪ್ರಾಣಿಗಳಿಗೆ ತಾನೇ ಬೇಟೆಯೂ ಹೌದು. ಮನೆಬೆಕ್ಕಿನ ಮೂಲಪುರುಷ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಕಾಡುಬೆಕ್ಕು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನೊಬ್ಬನ ಪಕ್ಕದಲ್ಲಿಯೇ ಬೆಕ್ಕನ್ನು ಹೂಳಿದ್ದ, ಸುಮಾರು 9,500 ವರ್ಷ ಹಳೆಯ ಸಮಾಧಿಯ ವಿವರ 2004ರಲ್ಲಿ ಪ್ರಕಟವಾಯಿತು. ಅಷ್ಟು ದೀರ್ಘಕಾಲದ ಸಹವಾಸದ ನಂತರವೂ ಬೆನ್ನಿಗೆ ಗೋಡೆಯಿರಬೇಕು, ಮುಂದಿನದು ಕಾಣಬೇಕು, ತಾನು ಮಾತ್ರ ಯಾರಿಗೂ ಕಾಣಬಾರದು ಎಂಬ ಅದರ ಎಚ್ಚರ ಹೋಗಿಲ್ಲ. ನೆದರ್‌ಲ್ಯಾಂಡ್ಸ್‌ನ ಪ್ರಾಣಿ ಆಶ್ರಯವೊಂದಕ್ಕೆ ಹೊಸದಾಗಿ ಬಂದ ಬೆಕ್ಕುಗಳ ಪೈಕಿ ಅಡಗಲು ಪೆಟ್ಟಿಗೆ ಸಿಕ್ಕವು ಉಳಿದವಕ್ಕಿಂತ ಬೇಗ ಹೊಂದಿಕೊಂಡವೆಂದು 2014ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, 2021ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ನಾಲ್ಕು ಮೂಲೆಗಳಲ್ಲಿ ಕತ್ತರಿಸಿದ ಕಾಗದವಿಟ್ಟು ನಡುವೆ ಚೌಕವಿದೆಯೆಂಬ ಭ್ರಮೆ ಹುಟ್ಟಿಸಿದಾಗ, ಬೆಕ್ಕುಗಳು ಆ ಇಲ್ಲದ ಚೌಕದೊಳಗೂ ಹೋಗಿ ಕುಳಿತವು. ಆದ್ದರಿಂದ ಹಾಸಿಗೆಯ ದುಡ್ಡು ಹೋಯಿತೆಂದು ತಿಳಿದು, ಆ ಪೆಟ್ಟಿಗೆಯಲ್ಲಿಯೇ ಹಳೆಯ ಪಂಚೆಯೊಂದನ್ನು ಹಾಸಿಬಿಡಿ.

ಚಪ್ಪಲಿ ಮೂಸಿ ಬಾಯಿ ತೆರೆದು ನಿಲ್ಲುವುದು ಪೆಚ್ಚುತನವಲ್ಲ. ಮೇಲಿನ ಮುಂಬಲ್ಲುಗಳ ಹಿಂದೆ, ಅಂಗುಳಿನೊಳಗೆ, ಜೇಕಬ್‌ಸನ್ ಅಂಗವೆಂಬ ಮತ್ತೊಂದು ಘ್ರಾಣೇಂದ್ರಿಯವಿದೆ. ಬಾಯಿ ತೆರೆದು ವಾಸನೆಯನ್ನು ಅಲ್ಲಿಗೆ ಎಳೆದುಕೊಳ್ಳುತ್ತದೆ. ಪಾರಿವಾಳ ಕಂಡು ಹಲ್ಲು ಕಟಕಟಿಸುವುದು ಬೇಟೆ ಕಣ್ಣೆದುರಿದ್ದೂ ಕೈಗೆಟುಕದಾಗಿನ ಚಡಪಡಿಕೆ; ಅದರಿಂದ ತೊಂದರೆಯೇನಿಲ್ಲ.

ಪುಣೆಯ ಕೋಥ್ರೂಡ್‌ನಿಂದ:

ಲೋಟ ತಳ್ಳುವ ವಿಷಯವನ್ನು ಹಿರಿಯರು ಮುಟ್ಟಲಿಲ್ಲ. ನಮ್ಮ ಮನೆಯ ಎರಡು ಬೆಕ್ಕುಗಳಲ್ಲಿ ಚಿಕ್ಕದಕ್ಕೆ ಇದೇ ಕಸುಬು, ಹಾಗಾಗಿ ನಾನು ಹತ್ತಿರದಿಂದ ನೋಡಿದ್ದೇನೆ. ಮೊದಲು ಪಂಜದ ತುದಿಯಿಂದ ಲೋಟವನ್ನು ಮುಟ್ಟಿ ಕೈಯನ್ನು ಹಿಂದಕ್ಕೆಳೆದುಕೊಳ್ಳುತ್ತದೆ. ಮತ್ತೆ ಬೆರಳಷ್ಟು ಸರಿಸಿ, ಲೋಟ ತಾನಾಗಿ ಅಲುಗೀತೇ ಎಂದು ಕಾಯುತ್ತದೆ. ಬೇಟೆ ಸತ್ತಿದೆಯೋ ಕಚ್ಚೀತೋ ಎಂಬುದನ್ನು ದೂರದಿಂದಲೇ ಪರೀಕ್ಷಿಸುವ ಕ್ರಮವಿದು. ಆದರೆ ನಿಮ್ಮ ಮುಖ ನೋಡುತ್ತಲೇ ತಳ್ಳುವುದರ ಕಾರಣ ಬೇರೆ. ನಮ್ಮ ಬೆಕ್ಕು ಪ್ಲಾಸ್ಟಿಕ್ ಲೋಟದ ತಂಟೆಗೆ ಹೋಗುವುದಿಲ್ಲ, ಸ್ಟೀಲಿನದನ್ನೇ ಬೀಳಿಸುತ್ತದೆ, ಏಕೆಂದರೆ ಆ ಸದ್ದಿಗೆ ನಮ್ಮ ಅತ್ತೆಯವರು ದೇವರಕೋಣೆಯಿಂದ ಎದ್ದು ಬರುತ್ತಾರೆ. ಯಾರೂ ತಿರುಗಿ ನೋಡದಿದ್ದರೆ ಈ ಚಟ ತಾನಾಗಿಯೇ ಕಡಿಮೆಯಾಗುತ್ತದೆ, ಆದರೆ ಅತ್ತೆಯವರಿಗೆ ಅದನ್ನು ಹೇಳುವವರು ಯಾರು?

ಮನುಷ್ಯರನ್ನು ಎಬ್ಬಿಸುವ ವಿದ್ಯೆಯಲ್ಲಿ ಬೆಕ್ಕನ್ನು ಮೀರಿಸಿದವರಿಲ್ಲ. ಬೆಳೆದ ಬೆಕ್ಕುಗಳು ತಮ್ಮತಮ್ಮೊಳಗೆ ‘ಮಿಯಾಂವ್’ ಎನ್ನುವುದು ಬಹಳ ಅಪರೂಪ. ಆ ಕೂಗು ಹೆಚ್ಚಾಗಿ ನಮಗಾಗಿಯೇ ಮೀಸಲು. ಸಸೆಕ್ಸ್ ವಿಶ್ವವಿದ್ಯಾಲಯದ ಕ್ಯಾರೆನ್ ಮೆಕ್‌ಕೂಂಬ್ ಅವರ ತಂಡ 2009ರಲ್ಲಿ ತೋರಿಸಿದಂತೆ, ಊಟ ಕೇಳುವಾಗಿನ ‘ಗುರ್‌ಗುರ್’ ಸದ್ದಿನೊಳಗೆ ಎತ್ತರದ ಅಳುವಿನಂಥ ಸ್ವರವೊಂದು ಸೇರಿಕೊಂಡಿರುತ್ತದೆ. ಬೆಕ್ಕು ಸಾಕದವರ ಕಿವಿಗೂ ಅದು ಹೆಚ್ಚು ತುರ್ತಿನದಾಗಿ ಕೇಳಿಸಿತು. ಮುಂದೆ 2019ರಲ್ಲಿ ಜಪಾನಿನ ಅತ್ಸುಕೋ ಸೈತೋ ಮತ್ತು ಸಂಗಡಿಗರು, ಬೆಕ್ಕುಗಳು ತಮ್ಮ ಹೆಸರನ್ನು ಅದೇ ಬಗೆಯ ಬೇರೆ ಪದಗಳಿಂದ ಬೇರ್ಪಡಿಸಿ ಗುರುತಿಸುತ್ತವೆ ಎಂದು ಕಂಡುಕೊಂಡರು. ಕರೆದರೂ ಬರುವುದಿಲ್ಲ ಎಂಬುದು ಕಿವಿಯ ದೋಷವಲ್ಲ, ಅದರ ಮರ್ಜಿ. ನಿಮ್ಮ ಮರಿ ಇನ್ನೂ ಹೆದರಿಕೊಳ್ಳುವುದಾದರೆ ಅದನ್ನು ದಿಟ್ಟಿಸಿ ನೋಡದೆ, ಕಣ್ಣುಗಳನ್ನು ಕಿರಿದಾಗಿಸಿ ನಿಧಾನವಾಗಿ ಮುಚ್ಚಿ ತೆರೆಯಿರಿ. ಹಾಗೆ ಮಾಡಿದವರಿಗೆ ಬೆಕ್ಕುಗಳು ಅದೇ ರೀತಿ ಉತ್ತರಿಸುತ್ತವೆ, ಅಪರಿಚಿತರ ಬಳಿಗೂ ಬರುತ್ತವೆ ಎಂದು 2020ರ ಅಧ್ಯಯನವೊಂದು ಹೇಳಿದೆ. ನಮ್ಮ ಮನೆಗೆ ಬಂದುಹೋಗುವವರ ಮೇಲೂ ಇದು ಫಲಿಸಿದೆ.

ಗೋವೆಯ ವಾಸ್ಕೋದಿಂದ:

ಒಂದೆರಡು ಮಾತು ಮಾತ್ರ. ಬೆಕ್ಕಿಗೆ ಸಿಹಿಯ ರುಚಿಯೇ ತಿಳಿಯುವುದಿಲ್ಲ. ಸಿಹಿಯನ್ನು ಗ್ರಹಿಸುವ ಜೀನ್ ಅದರಲ್ಲಿ ಕೆಟ್ಟುಹೋಗಿದೆಯೆಂದು 2005ರಲ್ಲಿ ಗೊತ್ತಾಯಿತು. ಚೌತಿಗೆ ಮಾಡಿದ ನೆವ್ರಿಯನ್ನು ಮೂಸಿಯೂ ನೋಡದ ನಮ್ಮ ಬೆಕ್ಕು, ಬಾಂಗ್ಡೆ ಹೆಚ್ಚುವ ಸದ್ದಿಗೆ ಛಾವಣಿಯಿಂದ ಇಳಿದು ಬರುತ್ತದೆ. ಶ್ರೀಖಂಡ ನೆಕ್ಕಿದರೆ ಅದು ಕೊಬ್ಬಿನ ಆಸೆಗೆ. ಇನ್ನೊಂದು, ಕುಂಡದಲ್ಲಿ ಕಳೆಯಾಗಿ ಬೆಳೆಯುವ ಕುಪ್ಪಿಗಿಡವನ್ನು ಬೇರುಸಹಿತ ಕಿತ್ತಾಗ ಬೆಕ್ಕು ಅದರ ಮೇಲೆ ಉರುಳಾಡಿ ಅಮಲೇರಿದಂತೆ ವರ್ತಿಸಿದರೆ ಹೆದರಬೇಡಿ. ಆ ಬೇರಿನ ವಾಸನೆಗೆ ಬೆಕ್ಕುಗಳು ಮರುಳಾಗುವುದು ಹಿಂದಿನಿಂದಲೂ ತಿಳಿದ ಸಂಗತಿ. ಆದರೆ ಅದನ್ನು ತಿನ್ನಲು ಬಿಡಬೇಡಿ.

ಮುಲುಂಡ್‌ನಿಂದ, ಪಶುವೈದ್ಯರ ಕ್ಲಿನಿಕ್ಕಿನಲ್ಲಿ ಸಹಾಯಕಿ:

ಎಲ್ಲರೂ ಸ್ವಭಾವದ ಬಗ್ಗೆ ಚೆನ್ನಾಗಿ ಬರೆದಿದ್ದಾರೆ, ಆದರೆ ಅಕ್ಕ, ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಹನ್ನೊಂದನೆಯ ಮಹಡಿ ಮತ್ತು ಪಾರಿವಾಳ ಎಂಬ ಎರಡು ಪದಗಳು. ಬೆಕ್ಕು ಹೇಗೆ ಬಿದ್ದರೂ ಕಾಲ ಮೇಲೆಯೇ ನಿಲ್ಲುತ್ತದೆ ಎಂದು ಜನ ಧೈರ್ಯವಾಗಿರುತ್ತಾರೆ. ಬೀಳುವಾಗ ಮೈಯ ಮುಂಭಾಗ ಮತ್ತು ಹಿಂಭಾಗಗಳನ್ನು ಬೇರೆಬೇರೆಯಾಗಿ ತಿರುಗಿಸಿ ಅದು ಕಾಲೂರುವುದು ನಿಜ. 1894ರಲ್ಲಿಯೇ ಫ್ರಾನ್ಸಿನ ಎತಿಯೆನ್ ಜೂಲ್ ಮಾರೆ ಅದನ್ನು ಚಿತ್ರಸರಣಿಯಲ್ಲಿ ಸೆರೆಹಿಡಿದಿದ್ದರು. ನ್ಯೂಯಾರ್ಕಿನಲ್ಲಿ ಎತ್ತರದ ಕಟ್ಟಡಗಳಿಂದ ಬಿದ್ದು ಆಸ್ಪತ್ರೆಗೆ ಬಂದ 132 ಬೆಕ್ಕುಗಳ ಬಗ್ಗೆ 1987ರಲ್ಲಿ ಪ್ರಕಟವಾದ ವರದಿಯಲ್ಲಿ, ಚಿಕಿತ್ಸೆ ಪಡೆದವುಗಳಲ್ಲಿ ಶೇಕಡಾ 90ರಷ್ಟು ಬದುಕಿದವೆಂದಿದೆ. ಆದರೆ ಬಿದ್ದ ಜಾಗದಲ್ಲಿಯೇ ಸತ್ತ ಬೆಕ್ಕನ್ನು ಯಾರೂ ಆಸ್ಪತ್ರೆಗೆ ಒಯ್ಯುವುದಿಲ್ಲ, ಆದ್ದರಿಂದ ಆ ಅಂಕಿಯನ್ನು ನಂಬಿ ಕಿಟಕಿ ತೆರೆದಿಡಬಾರದು. ಬದುಕಿದವಕ್ಕೂ ಎದೆಗೆ ಪೆಟ್ಟು, ಒಡೆದ ದವಡೆ, ಸೀಳಿದ ಅಂಗುಳು ತಪ್ಪುವುದಿಲ್ಲ. ನಮ್ಮ ಸೊಸೈಟಿಗಳಲ್ಲಿ ಪಾರಿವಾಳಕ್ಕೆಂದು ಹಾಕಿಸುವ ನೈಲಾನ್ ಬಲೆ ಇದಕ್ಕೆ ಸಾಲದು. ಬಿಸಿಲಿಗೆ ಅದು ಸಡಿಲವಾಗುತ್ತದೆ, ಬೆಕ್ಕು ಅದನ್ನು ಕಚ್ಚಿ ಹರಿಯಲೂಬಹುದು. ಗ್ರಿಲ್ಲಿನ ಒಳಬದಿಗೆ ತಂತಿಯ ಜಾಲರಿಯನ್ನು ಬಿಗಿದು, ಗ್ಯಾಲರಿಯ ಬಟ್ಟೆ ಒಣಗಿಸುವ ಸ್ಟ್ಯಾಂಡನ್ನು ಕಟಾಂಜನದಿಂದ ದೂರವಿಡಿ.

ವೈದ್ಯರಿಗೆ ಯಾವಾಗ ತೋರಿಸಬೇಕೆಂದರೆ, ಇರುವ ಅಭ್ಯಾಸ ಏಕಾಏಕಿ ಬದಲಾದಾಗ. ಓಡುತ್ತಿದ್ದ ಮರಿ ಮಂಚದ ಕೆಳಗಿನಿಂದ ಹೊರಬರದಿದ್ದರೆ, ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ, ಮರಳಿನ ಟ್ರೇಗೆ ಪದೇಪದೇ ಹೋಗಿ ಮೂತ್ರ ಬಾರದೆ ಕೂಗಿದರೆ ಮರುದಿನಕ್ಕೆ ಕಾಯಬೇಡಿ. ‘ಗುರ್‌ಗುರ್’ ಎನ್ನುತ್ತಿದೆ, ಸುಖವಾಗಿದೆ ಎಂದುಕೊಳ್ಳುವುದೂ ಸರಿಯಲ್ಲ, ಏಕೆಂದರೆ ನೋವಿನಲ್ಲಿರುವ ಬೆಕ್ಕೂ ಹಾಗೆಯೇ ಸದ್ದು ಮಾಡುತ್ತದೆ. ಜ್ವರವೆಂದು ಮನೆಯ ಪ್ಯಾರಾಸಿಟಮಾಲ್ ಕೊಟ್ಟರೆ ಒಂದೇ ಮಾತ್ರೆಗೆ ಅದರ ಪ್ರಾಣ ಹೋಗಬಹುದು. ಈರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರು ಅದಕ್ಕೆ ವಿಷ. ಹೂಗುಚ್ಛದಲ್ಲಿ ಬರುವ ಲಿಲಿ ಹೂವಿನ ಪರಾಗ ಮೈಮೇಲೆ ಬಿದ್ದು, ಅದನ್ನು ನೆಕ್ಕಿಕೊಂಡರೂ ಮೂತ್ರಪಿಂಡ ಕೆಡುತ್ತದೆ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವಾಗುವುದಿಲ್ಲ, ನೀರೇ ಸಾಕು. ಮಳೆಗಾಲದಲ್ಲಿ ಸಿಕ್ಕಿದ ಹೆಣ್ಣು ಮರಿಯೆಂದಿರಿ, ಹಾಗಾದರೆ ಲಸಿಕೆಯ ಜೊತೆಗೆ ಸಂತಾನಹರಣದ ಬಗ್ಗೆಯೂ ಈಗಲೇ ವಿಚಾರಿಸಿ. ಐದಾರು ತಿಂಗಳಿಗೆಲ್ಲ ಬೆಕ್ಕು ಬೆದೆಗೆ ಬರುತ್ತದೆ, ಎರಡು ತಿಂಗಳಲ್ಲಿ ಮರಿ ಹಾಕುತ್ತದೆ. ಆದರೆ ಜಾಲರಿಯವರನ್ನು ಅದಕ್ಕೂ ಮೊದಲು ಕರೆಸಿ, ಅಲ್ಲಿಯವರೆಗೆ ಗ್ಯಾಲರಿಯ ಬಾಗಿಲು ಮುಚ್ಚಿಯೇ ಇರಲಿ.