ಪ್ರಶ್ನೋತ್ತರ: ಗೀಸರ್ ಆಫ್ ಇದ್ದರೂ ನಲ್ಲಿ ಮುಟ್ಟಿದರೆ ಜುಮ್!

(ಮನೆಯಲ್ಲಿ ಕರೆಂಟ್ ಹೊಡೆಯುವ ಬಗ್ಗೆ ಕೇಳಿ. ಗುಂಪಿನ ವೈರ್‌ಮನ್ ಅಣ್ಣ ಉತ್ತರಿಸುತ್ತಾರೆ.)

ಸಂಪಿಗೆ: ಅಣ್ಣಾ, ಬಚ್ಚಲಿನ ನಲ್ಲಿ ಮುಟ್ಟಿದರೆ ಬೆರಳಿಗೆ ಇರುವೆ ಹರಿದ ಹಾಗೆ ಜುಮ್ ಅನ್ನುತ್ತದೆ. ಗೀಸರ್ ಆಫ್ ಇದ್ದರೂ ಅಷ್ಟೇ. ಅದೂ ವಾಷಿಂಗ್ ಮಷೀನ್ ಓಡುವಾಗ ಮಾತ್ರ. ರಬ್ಬರ್ ಚಪ್ಪಲಿ ಹಾಕಿಕೊಂಡರೆ ಸಾಕಾ?

ವೈರ್‌ಮನ್: ಮೊದಲು ಮಷೀನಿನ ಪ್ಲಗ್ ಕಿತ್ತಿಡಿ, ಆಮೇಲೆ ಓದಿ. "ಮಷೀನ್ ಓಡುವಾಗ ಮಾತ್ರ" ಅಂದಿರಲ್ಲ, ಅದಕ್ಕೇ ನನಗೆ ಗಾಬರಿ. ಪಾಪ, ಗೀಸರ್‌ದು ತಪ್ಪಿಲ್ಲ ಅನ್ನಿಸುತ್ತದೆ. ಹಸಿರು ವೈರ್, ಅಂದರೆ ಅರ್ಥ್, ಮನೆಯ ಎಲ್ಲ ತ್ರೀ ಪಿನ್ ಸಾಕೆಟ್‌ಗಳನ್ನೂ ಒಂದಕ್ಕೊಂದು ಸೇರಿಸಿರುತ್ತದೆ. ಅದು ಎಲ್ಲೋ ಬಿಟ್ಟುಕೊಂಡು ನೆಲ ಮುಟ್ಟದೇ ಇದ್ದರೆ, ಮಷೀನಿನಲ್ಲಿ ಸೋರಿದ ಕರೆಂಟ್ ಅದೇ ವೈರ್ ಹಿಡಿದು ಗೀಸರ್ ಮೈಗೆ ಬರುತ್ತದೆ. ಅಲ್ಲಿಂದ ಕಬ್ಬಿಣದ ಪೈಪ್, ಪೈಪಿನಿಂದ ನಲ್ಲಿ, ನಲ್ಲಿಯಿಂದ ನೀವು. ಗೀಸರ್ ಸ್ವಿಚ್ ಅರ್ಥನ್ನು ಕತ್ತರಿಸುವುದಿಲ್ಲ. ಆಫ್ ಇದ್ದರೂ ಜುಮ್ ಅನ್ನುವುದು ಅದಕ್ಕೇ. ಸುಮಾರು 1 ಮಿಲಿಆಂಪಿಯರ್‌ಗೆ ಜುಮ್ ಅನ್ನುತ್ತದೆ. 10 ದಾಟಿದರೆ ಕೈ ಬಿಗಿದುಕೊಂಡು ಹಿಡಿದದ್ದನ್ನು ಬಿಡಲು ಆಗದೇ ಹೋಗಬಹುದು. ಇನ್ನೂ ಜಾಸ್ತಿಯಾದರೆ ಉಸಿರು, ಎದೆಬಡಿತವೇ ನಿಲ್ಲಬಹುದು. ಒಣ ಬೆರಳಿಗೆ ಇರುವೆ ಅನ್ನಿಸಿದ್ದು ಒದ್ದೆ ಮೈಗೆ ಇರುವೆಯಾಗಿ ಉಳಿಯಲ್ಲ. ಚಪ್ಪಲಿ ನಂಬಬೇಡಿ. ಅರ್ಥ್ ಪರೀಕ್ಷೆ ಆಗುವವರೆಗೆ ಆ ಬಚ್ಚಲೇ ಬೇಡ.

ಹಳೇ ರೇಡಿಯೋ: ಅಷ್ಟೆಲ್ಲ ಯಾಕೆ? ಸಾಕೆಟ್‌ನಲ್ಲೇ ಅರ್ಥನ್ನು ನ್ಯೂಟ್ರಲ್‌ಗೆ ಸೇರಿಸಿಬಿಡಿ. ನಮ್ಮಲ್ಲಿ ಹತ್ತು ವರ್ಷದಿಂದ ಹಾಗೇ ಇದೆ.

ವೈರ್‌ಮನ್: ದಯವಿಟ್ಟು ಇದನ್ನು ಅಳಿಸಿ. ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್, ಒಂದು ಸಲ ಕಡಿದರೆ ಹಾಗೆ ಸೇರಿಸಿದ ಫ್ರಿಜ್, ಗೀಸರ್, ಎಲ್ಲದರ ಮೈಯಲ್ಲೂ ಕರೆಂಟ್. ನಿಮ್ಮಲ್ಲಿ ಇನ್ನೂ ಕಡಿದಿಲ್ಲ, ಅಷ್ಟೇ.

ನಿದ್ದೆಗೇಡಿ: ನಮ್ಮಲ್ಲಿ ಎಂಸಿಬಿ ಇದೆ. ಸಾಕಲ್ವಾ?

ವೈರ್‌ಮನ್: ಸಾಲದು. ಅದು ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್, ವೈರ್ ಸುಡದಿರಲಿ ಅಂತ. ಮನುಷ್ಯರಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಲೈನ್ ಕತ್ತರಿಸುವ ಸ್ವಿಚ್, ಬೇಕು.

ಮಳೆಬಿಲ್ಲು: ಲ್ಯಾಪ್‌ಟಾಪ್ ಚಾರ್ಜ್ ಆಗುವಾಗ ಮೇಲೆ ಕೈಯಾಡಿಸಿದರೆ ಕಚಗುಳಿ ಇಟ್ಟ ಹಾಗಾಗುತ್ತದೆ. ಇದೂ ಅಪಾಯವಾ?

ಪಾತರಗಿತ್ತಿ: (ಫಾರ್ವರ್ಡ್ ಆದದ್ದು) ಶಾಕ್ ಹೊಡೆದವರನ್ನು ಕುತ್ತಿಗೆವರೆಗೆ ಮಣ್ಣಲ್ಲಿ ಹೂತರೆ ಭೂಮಿ ಕರೆಂಟ್ ಎಳೆದುಕೊಳ್ಳುತ್ತದೆ. ಎಲ್ಲರಿಗೂ ಕಳಿಸಿ.

ವೈರ್‌ಮನ್: ಈ ವಾರ ಇದು ಮೂರನೇ ಸಲ. ಎಳೆದುಕೊಳ್ಳಲು ಮೈಯಲ್ಲಿ ಕರೆಂಟ್ ಕೂತಿರಬೇಕಲ್ಲ? ತಂತಿ ಬಿಟ್ಟ ಕ್ಷಣ ಅದು ಮುಗಿಯಿತು. ಮೇನ್ ಆಫ್ ಮಾಡಿ, ಆಮೇಲೆ ಮುಟ್ಟಿ. ಎಚ್ಚರ, ಉಸಿರು ಎರಡೂ ಇಲ್ಲದಿದ್ದರೆ ಆಂಬ್ಯುಲೆನ್ಸ್ ಕರೆಸಿ. ಅದು ಬರುವವರೆಗೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಗಟ್ಟಿಯಾಗಿ ಒತ್ತಿ. ಗುಂಡಿ ತೋಡುತ್ತಾ ಕೂತರೆ ಕೊನೆಗೆ ಆ ಗುಂಡಿಯೇ ಬೇಕಾಗುತ್ತದೆ.

ಪಾತರಗಿತ್ತಿ: ಹಾಗಾದರೆ ಹಿರಿಯರು ಹೇಳಿದ್ದೆಲ್ಲ ಸುಳ್ಳಾ?

ಮೊಸರುಗಡಿಗೆ: ನಿಮ್ಮ ಹಿರಿಯರ ಬಚ್ಚಲಲ್ಲಿ ಗೀಸರ್ ಇತ್ತಾ?

ಪಾತರಗಿತ್ತಿ: ನಿಮ್ಮನ್ನು ಕೇಳಲಿಲ್ಲ.

ಹಳೇ ರೇಡಿಯೋ: ಇಲ್ಲಿ ಬೇರೆಯವರಿಗೆ ಏನೂ ಗೊತ್ತಿಲ್ಲ ಅನ್ನೋ ಧೋರಣೆ ಸರಿಯಲ್ಲ.

ಮೊಸರುಗಡಿಗೆ: ಮೊದಲು ಆ ಹತ್ತು ವರ್ಷದ ಸಾಕೆಟ್ ಬಿಚ್ಚಿ ಸಾರ್.

ನೀಲಿ ಕೊಡೆ: ಬೆಳಿಗ್ಗೆ ಅಪ್ಪನಿಗೆ ಶಾಕ್ ಹೊಡೆದು ಎಚ್ಚರ ತಪ್ಪಿ ಬಿದ್ದಿದ್ದರು. ಈಗ ಚೆನ್ನಾಗಿದ್ದಾರೆ. ಸುಮ್ನೆ ಆಸ್ಪತ್ರೆಗೆ ಯಾಕೆ ಅಂತಾರೆ.

ವೈರ್‌ಮನ್: ಈಗಲೇ ಹೊರಡಿ. ಇಸಿಜಿ ಆಗಲಿ. ಚರ್ಚೆ ಆಮೇಲೆ.

ಕಾಗೆಮರಿ: ಎಂಸಿಬಿ ಇದ್ದರೆ ಆರ್‌ಸಿಸಿಬಿ ಬೇಕಾ?

ವೈರ್‌ಮನ್: ಮೇಲೆ ಓದಿ.

ಸಂಪಿಗೆ: ಅಣ್ಣಾ, ಎಲೆಕ್ಟ್ರಿಷಿಯನ್ ಬಂದಿದ್ದರು. ಮೇನ್ ಬೋರ್ಡ್ ಬಿಚ್ಚಿದರೆ ದಪ್ಪ ಹಸಿರು ವೈರ್ ಸ್ಕ್ರೂನಿಂದ ಕಳಚಿ ನೇತಾಡುತ್ತಿತ್ತು. ತುದಿಯಲ್ಲಿ ಜೇಡರ ಬಲೆ! ಬಿಗಿದು ಹೋದರು. ಇನ್ನು ಮಷೀನ್ ಹಾಕಬಹುದಾ?

ವೈರ್‌ಮನ್: ಬೇಡಮ್ಮಾ. ಕರೆಂಟ್‌ಗೆ ದಾರಿ ಸಿಕ್ಕಿದೆ, ಸೋರುವುದು ನಿಂತಿಲ್ಲ. ಮಷೀನ್ ರಿಪೇರಿ ಆಗಲಿ.

ಮಳೆಬಿಲ್ಲು: ಅಣ್ಣಾ, ಲ್ಯಾಪ್‌ಟಾಪ್?